ಅತ್ತೆ ಇನ್ನೂ ನುಂಗಿಲ್ಲ

ಮಾರ್ಚ್ 3, ಸೋಮವಾರ

ದಿನಾ ಒಂದಿಷ್ಟು ಬರೆಯಬೇಕಂತೆ, ಇವತ್ತು ಏನನ್ನು ಗಮನಿಸಿದೆವು ಅಂತ. ಯಾರೂ ಓದುವುದಿಲ್ಲ, ನಿಮಗಾಗಿ ಬರೆದುಕೊಳ್ಳಿ ಎಂದರು ನಿನ್ನೆ ಧ್ಯಾನದ ತರಗತಿಯಲ್ಲಿ. ಸರಿ, ಬರೆಯುತ್ತೇನೆ. ಗಮನಿಸಿದ್ದು: ಭಾನುವಾರದ ಮಧ್ಯಾಹ್ನದ ನಿದ್ದೆ ಹಾಳಾಯಿತು.

ನಾನಾಗಿ ಹೋದವನಲ್ಲ, ಲ್ಯಾಬಿನ ಮಾಲೀಕರು ಅಟ್ಟಿದ್ದು. ನಾನು ಹಲ್ಲಿನ ಸೆಟ್ ಮಾಡುವವನು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ಅದರ ಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ ಸೆಟ್ ಮಾಡಿ ಕಳಿಸುವುದು ನಮ್ಮ ಕೆಲಸ. ಈಚೆಗೆ ನಾನು ಮಾಡಿದ್ದೆಲ್ಲ ತಿರುಗಿ ಬರುತ್ತಿದೆ. ಒಂದು ಕೂರುವುದಿಲ್ಲ, ಇನ್ನೊಂದು ಕಚ್ಚುವುದಿಲ್ಲ. ಹೋದ ವಾರ ಹೀಗೇ ಒಂದು ಬಂದಾಗ ಪಿತ್ತ ನೆತ್ತಿಗೇರಿ ಅಚ್ಚನ್ನು ಗೋಡೆಗೆ ಎಸೆದುಬಿಟ್ಟೆ. ಮಾಲೀಕರೇ ಪುಡಿ ಗುಡಿಸಿದರು. ಆಮೇಲೆ ತರಗತಿಯ ವಿಳಾಸ ಕೈಗಿಟ್ಟು, ಹೋಗು, ಇಲ್ಲದಿದ್ದರೆ ಬೇರೆ ಕಡೆ ಕೆಲಸ ನೋಡಿಕೋ ಎಂದರು.

ತರಗತಿಯ ಟೀಚರಿಗೆ ಮೆಲುದನಿ ಎಂದು ಹೆಸರಿಟ್ಟಿದ್ದೇನೆ. ಆಕೆ ಮಾತಾಡಿದರೆ ಮುಂದಿನ ಸಾಲಿನವರೂ ಕಿವಿ ನಿಮಿರಿಸಬೇಕು. ಎಲ್ಲರ ಕೈಗೂ ಒಂದೊಂದು ಒಣದ್ರಾಕ್ಷಿ ಕೊಟ್ಟರು. ನೋಡಿ, ಮೂಸಿ, ಬೆರಳಲ್ಲಿ ಹೊರಳಿಸಿ, ನಾಲಿಗೆಯ ಮೇಲಿಟ್ಟುಕೊಂಡು ಸುಮ್ಮನಿರಿ ಎಂದು ಹೇಳಿ ಮುಗಿಸುವಷ್ಟರಲ್ಲಿ ನನ್ನದು ಹೊಟ್ಟೆ ಸೇರಿತ್ತು. ಇನ್ನೊಂದು ಕೇಳಲು ನಾಚಿಕೆಯಾಗಿ ಖಾಲಿ ನಾಲಿಗೆಯನ್ನೇ ಸವಿಯುತ್ತ ಕೂತೆ. ಒಂದು ತುತ್ತಿಗಾಗಿ ಕಾಯುತ್ತ ಕೂರುವುದನ್ನು ನಾನು ಅಲ್ಲಿಗೆ ಹೋಗಿ ಕಲಿಯಬೇಕೇ? ಮನೆಯಲ್ಲಿ ದಿನ ಬೆಳಗಾದರೆ ಅದೇ ಗೋಳು.

ಮಾರ್ಚ್ 4, ಮಂಗಳವಾರ

ಆ ಗೋಳನ್ನೂ ಬರೆದುಬಿಡುತ್ತೇನೆ. ಹೇಗೂ ಯಾರೂ ಓದುವುದಿಲ್ಲವಲ್ಲ.

ಚಳಿಗಾಲದಲ್ಲಿ ಅತ್ತೆಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಬಿದ್ದವು, ಮಾತು ಹೋಯಿತು, ಗಂಟಲಿಗೆ ನುಂಗುವುದೇ ಅರ್ಧ ಮರೆತುಹೋಗಿದೆ. ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿ ಅದರಲ್ಲೇ ಊಟ ಬಿಡುತ್ತಿದ್ದರು. ಅತ್ತೆ ಎಡಗೈಯಿಂದ ಅದನ್ನು ಕಿತ್ತೆಸೆದರು. ಮತ್ತೆ ಹಾಕಿದರು, ಮತ್ತೆ ಕಿತ್ತರು. ಕೊನೆಗೆ ಆ ಕೈಯನ್ನು ಮಂಚಕ್ಕೆ ಕಟ್ಟಿದರು. ಅವತ್ತು ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಅತ್ತರು. ಮೂವತ್ತು ವರ್ಷ ಶಾಲೆ ನಡೆಸಿದ ಹೆಡ್‌ಮಿಸ್ಟ್ರೆಸ್ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಹೆಂಡತಿ ಹಟ ಹಿಡಿದು ಡಾಕ್ಟರನ್ನು ಒಪ್ಪಿಸಿದಳು. ಬಾಯಿಂದಲೇ ತಿನ್ನಿಸಿ ನೋಡಿ, ಏಪ್ರಿಲ್ ಹತ್ತಕ್ಕೆ ಕರೆದುಕೊಂಡು ಬನ್ನಿ, ಅಷ್ಟರಲ್ಲಿ ತೂಕ ಇಳಿದರೆ ಅಥವಾ ಎದೆಗೆ ಸೋಂಕಾದರೆ ಹೊಟ್ಟೆಗೇ ನಳಿಗೆ ಹಾಕುತ್ತೇವೆ ಎಂದಿದ್ದಾರೆ. ಅದನ್ನು ಕಿತ್ತರೆ ಮತ್ತೆ ಕೈ ಕಟ್ಟುವುದೇ.

ಹೆಂಡತಿ ಸಿಟಿ ಬಸ್ ಓಡಿಸುತ್ತಾಳೆ. ಮೊದಲ ಬಸ್ಸು ಅವಳದು, ಕತ್ತಲಿರುವಾಗಲೇ ಹೊರಡುತ್ತಾಳೆ. ಮಧ್ಯಾಹ್ನ, ರಾತ್ರಿ ಅವಳು ತಿನ್ನಿಸುತ್ತಾಳೆ, ಬೆಳಗ್ಗೆ ನಾನು. ನಾನು ಕೆಲಸಕ್ಕೆ ಹೋದಮೇಲೆ ಪಕ್ಕದ ಮನೆಯಾಕೆ ಬಂದು ಕೂರುತ್ತಾರೆ. ಆದರೆ ಚಮಚ ಮುಟ್ಟುವುದಿಲ್ಲ, ಭಯವಂತೆ.

ತಿನ್ನಿಸುವುದನ್ನು ಹೇಳಿಕೊಟ್ಟದ್ದು ಆಸ್ಪತ್ರೆಯ ಒಬ್ಬ ಹುಡುಗಿ. ಅವಳಿಗೆ ನಾನಿಟ್ಟ ಹೆಸರು ಗಂಟಲು ಟೀಚರ್. ಗದ್ದ ತಗ್ಗಿಸಬೇಕು. ಅರ್ಧ ಚಮಚ, ಎಡಗೆನ್ನೆಯ ಕಡೆಗೆ. ಗಂಟಲ ಗುಬ್ಬಿ, ಅಂದರೆ ಕೊರಳ ಮುಂದಿನ ಉಬ್ಬು, ಮೇಲೆದ್ದು ಇಳಿಯುವುದನ್ನು ಕಣ್ಣಾರೆ ನೋಡಬೇಕು. ಆಮೇಲೆ ಬರಿಬಾಯಲ್ಲಿ ಇನ್ನೊಂದು ಸಲ ನುಂಗಿಸಬೇಕು. ಆಮೇಲಷ್ಟೇ ಮುಂದಿನ ಚಮಚ. ಒಂದು ಬಟ್ಟಲು ಗಂಜಿ ಮುಗಿಯುವಷ್ಟರಲ್ಲಿ ನಾನು ಕೆಲಸಕ್ಕೆ ಹಿಡಿಯುವ ಬಸ್ಸು ಎರಡು ಸುತ್ತು ಹೊಡೆದಿರುತ್ತದೆ.

ಅತ್ತೆಗೂ ನನಗೂ ಮೊದಲಿಂದಲೂ ಅಷ್ಟಕ್ಕಷ್ಟೆ. ಮಗಳನ್ನು ಕೊಡಲು ಮನಸ್ಸಿರಲಿಲ್ಲ. ಮದುವೆಯಾದ ಮೇಲೂ ನನ್ನನ್ನು ‘ಹಲ್ಲಿನವರು’ ಎಂದೇ ಕರೆಯುತ್ತಿದ್ದರು. ಅವರ ಹಲ್ಲಿನ ಸೆಟ್ ನಾನೇ ಮಾಡಿದ್ದು, ಒತ್ತುತ್ತದೆ ಎಂದು ಎರಡು ಸಲ ವಾಪಸ್ ಕಳಿಸಿದ್ದರು. ಈಗ ಬಾಯಿಯ ಆಕಾರವೇ ಬದಲಾಗಿ ಆ ಸೆಟ್ ಡಬ್ಬಿಯಲ್ಲಿದೆ. ಮಾತಿಲ್ಲದಿದ್ದರೂ ಬೈಗುಳ ಮಾತ್ರ ನಿಂತಿಲ್ಲ, ಎಲ್ಲ ಎಡಹುಬ್ಬಿನಲ್ಲೇ.

ಮಾರ್ಚ್ 6, ಗುರುವಾರ

ಉಸಿರಿನ ಮೇಲೆ ಗಮನ ಇಟ್ಟು ಕೂತೆ. ಉಸಿರು ಒಳಗೆ ಹೋಯಿತು. ಅದು ಹೊರಗೆ ಬರುವಷ್ಟರಲ್ಲಿ ನಾನು ಲ್ಯಾಬಿಗೆ ಹೋಗಿ, ಮಾಲೀಕರ ಜೊತೆ ಜಗಳವಾಡಿ, ಗೆದ್ದು ಬಂದಿದ್ದೆ. ಮೇಲಿನ ಮನೆಯವರು ಗೋಡೆ ಕೊರೆಯುತ್ತಿದ್ದರು. ಶಬ್ದವನ್ನೂ ಸ್ವೀಕರಿಸಿ ಎಂದಿದ್ದರು ಮೆಲುದನಿ. ಅವರ ಮನೆಯ ಮೇಲೆ ಯಾರೂ ಇಲ್ಲವೇನೋ.

ಮಾರ್ಚ್ 9, ಭಾನುವಾರ

ನನಗೆ ಟೈಮೇ ಸಿಗುವುದಿಲ್ಲ ಎಂದು ತರಗತಿಯಲ್ಲಿ ನೇರವಾಗಿ ಹೇಳಿದೆ. ಬೇರೆ ಸಮಯ ಹುಡುಕಬೇಡಿ, ದಿನಾ ಮಾಡುವ ಕೆಲಸವೊಂದಕ್ಕೆ ಅಭ್ಯಾಸವನ್ನು ಸೇರಿಸಿಕೊಳ್ಳಿ ಎಂದರು. ತಮ್ಮ ದನಿಯ ಒಂದು ರೆಕಾರ್ಡಿಂಗನ್ನೂ ಎಲ್ಲರ ಫೋನಿಗೆ ಕಳಿಸಿದರು.

ಇಷ್ಟು ದಿನ ಹೊಳೆದಿರಲಿಲ್ಲ ನೋಡಿ. ಬೆಳಗ್ಗೆ ಗಂಜಿ ತಿನ್ನಿಸುವಾಗ ಹೇಗೂ ಸುಮ್ಮನೆ ಕೂತಿರುತ್ತೇನೆ. ಆಗ ರೆಕಾರ್ಡಿಂಗ್ ಹಾಕಿಕೊಂಡರೆ ಧ್ಯಾನವೂ ಆಯಿತು, ಮಾಲೀಕರ ಬಾಯಿಯೂ ಮುಚ್ಚಿತು.

ಮಾರ್ಚ್ 11, ಮಂಗಳವಾರ

ಪರವಾಗಿಲ್ಲ, ನಡೆಯುತ್ತಿದೆ. ಫೋನನ್ನು ನೀರಿನ ಲೋಟಕ್ಕೆ ಒರಗಿಸಿಡುತ್ತೇನೆ. ಮೆಲುದನಿ ‘ಕಣ್ಣು ಮುಚ್ಚಿ, ಉಸಿರು ಒಳಗೆ ಬರುವುದನ್ನು ಗಮನಿಸಿ’ ಅನ್ನುತ್ತಾರೆ. ಚಮಚ ಕೊಟ್ಟು, ಅತ್ತೆ ನುಂಗುವಷ್ಟು ಹೊತ್ತು ಕಣ್ಣು ಮುಚ್ಚುತ್ತೇನೆ. ಇವತ್ತು ನಿಜಕ್ಕೂ ಒಂಥರಾ ಹಗುರವಾಯಿತು. ಅತ್ತೆಯ ಹುಬ್ಬು ಮಾತ್ರ ಹಣೆಗೇರಿ ಕೂತಿದೆ. ಅಳಿಯ ಒಂದು ಒಳ್ಳೆಯ ಕೆಲಸ ಮಾಡಿದರೂ ಸಹಿಸರು.

ಮಾರ್ಚ್ 13, ಗುರುವಾರ

ಕಣ್ಣು ಮುಚ್ಚಿದ್ದೆ. ಕೈ ತನ್ನ ಪಾಡಿಗೆ ಮುಂದಿನ ಚಮಚ ಕೊಟ್ಟಿತು. ಮೊದಲಿನದು ಇನ್ನೂ ಬಾಯಲ್ಲೇ ಇತ್ತು.

ಕೆಮ್ಮು ಬರಲಿಲ್ಲ, ಅದೇ ಭಯ. ಕಣ್ಣು ತೆರೆದಾಗ ಅವರ ತುಟಿ ನೀಲಿಯಾಗಿತ್ತು, ಎಡಗೈ ನನ್ನ ಅಂಗಿ ಹಿಡಿದಿತ್ತು. ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದೆ. ಎಷ್ಟು ಸಲ ಗುದ್ದಿದೆನೋ ಗೊತ್ತಿಲ್ಲ. ಕೊನೆಗೆ ಕೆಮ್ಮಿದರು. ಅಷ್ಟೂ ಹೊತ್ತು ಫೋನಿನಲ್ಲಿ ಆ ಹೆಂಗಸು ಮೆಲ್ಲಗೆ ಹೇಳುತ್ತಲೇ ಇದ್ದಳು, ಬಂದದ್ದು ಬರಲಿ, ಹೋಗುವುದು ಹೋಗಲಿ ಅಂತ.

ಅತ್ತೆ ಈಗ ಮಲಗಿದ್ದಾರೆ, ಉಸಿರಾಟ ಸರಿಯಾಗಿದೆ ಅನ್ನಿಸುತ್ತದೆ.

ಮಾರ್ಚ್ 15, ಶನಿವಾರ

ಜ್ವರ. ಆಸ್ಪತ್ರೆ. ಗಂಜಿ ಶ್ವಾಸಕೋಶಕ್ಕೆ ಇಳಿದಿದೆಯಂತೆ.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಹೆಂಡತಿಗೆ ಎಲ್ಲ ಹೇಳಿದೆ, ಫೋನು, ರೆಕಾರ್ಡಿಂಗು, ಕಣ್ಣು ಮುಚ್ಚಿದ್ದು. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಡ್ರೈವರಿನ ಸಮವಸ್ತ್ರದಲ್ಲೇ ಬಂದಿದ್ದಳು, ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು.

“ರೀ, ನೀವು ಅಮ್ಮನ್ನ ನೋಡ್ತಾ ಇರ್ಲಿಲ್ವಾ?” ಎಂದಳು. ಅಷ್ಟೆ.

ಇಲ್ಲ ಎಂದೆ. ಕೂಗಾಡಿದ್ದರೆ ಚೆನ್ನಾಗಿತ್ತು.

ಡಾಕ್ಟರು ಇದೊಂದು ಸಲ ಔಷಧಿಯಲ್ಲಿ ವಾಸಿಯಾಗುತ್ತದೆ ಎಂದರು. ಇನ್ನೊಂದು ಸಲ ಹೀಗಾದರೆ ನಳಿಗೆ ಹಾಕಲು ಹತ್ತನೇ ತಾರೀಕಿಗೂ ಕಾಯುವುದಿಲ್ಲವಂತೆ.

ಮಾರ್ಚ್ 16, ಭಾನುವಾರ

ಜಗಳವಾಡಲೆಂದೇ ತರಗತಿಗೆ ಹೋದೆ. ಎಲ್ಲರ ಎದುರಿಗೆ ಕೂಗಿದೆ. ಚಾಪೆಯ ಮೇಲೆ ಕೂತಿದ್ದವರೆಲ್ಲ ಕಣ್ಣು ತೆರೆದರು. ಮೆಲುದನಿ ಏನಾದರೂ ತತ್ವ ಹೇಳಿದ್ದರೆ ಚಾಪೆ ಕಿತ್ತೆಸೆದು ಬರುತ್ತಿದ್ದೆ. ಆಕೆ ಮುಖ ಸಪ್ಪೆ ಮಾಡಿಕೊಂಡು, ಊಟ ಮಾಡಿಸುವಾಗ ಅದನ್ನು ಹಾಕಬೇಡಿ ಅಂತ ಹೇಳಬೇಕಿತ್ತು, ನನಗೆ ಹೊಳೆಯಲೇ ಇಲ್ಲ ಎಂದರು. ಅತ್ತೆ ಹೇಗಿದ್ದಾರೆ ಎಂದು ಕೇಳಿದರು. ಬೈಯಲು ಹೋದವನು ಜ್ವರದ ವಿವರ ಕೊಟ್ಟು ಬಂದೆ.

ರೆಕಾರ್ಡಿಂಗ್ ಅಳಿಸಿಹಾಕಿದ್ದೇನೆ. ಇನ್ನು ಆ ಕಡೆ ತಲೆ ಹಾಕುವುದಿಲ್ಲ. ಮಾಲೀಕರು ಕೆಲಸದಿಂದ ತೆಗೆಯುವುದಾದರೆ ತೆಗೆಯಲಿ. ಈ ಬರೆಯುವ ಪುಸ್ತಕ ಮಾತ್ರ ಇಟ್ಟುಕೊಂಡಿದ್ದೇನೆ, ಬೈದುಕೊಳ್ಳಲು ಒಂದು ಜಾಗ ಬೇಕಲ್ಲ.

ಮಾರ್ಚ್ 22, ಶನಿವಾರ

ಅತ್ತೆ ಮನೆಗೆ ಬಂದರು. ಸೊರಗಿ ಕಡ್ಡಿಯಾಗಿದ್ದಾರೆ. ಇಷ್ಟು ದಿನ ರಜೆ ಹಾಕಿದ್ದ ಹೆಂಡತಿ ಸೋಮವಾರದಿಂದ ಬಸ್ಸಿಗೆ ಹೋಗಲೇಬೇಕು. ಬೆಳಗ್ಗೆ ಯಾರು ಎಂದು ಇಬ್ಬರೂ ಬಾಯಿ ಬಿಟ್ಟು ಕೇಳಲಿಲ್ಲ. ಅಡುಗೆಮನೆಯಲ್ಲಿ ಅವಳು ಚಮಚವನ್ನು ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟಳು.

ಮಾರ್ಚ್ 24, ಸೋಮವಾರ

ಬಾಯಿ ತೆರೆಯಲು ಅತ್ತೆಗೆ ಭಯ. ಚಮಚ ಒಯ್ಯಲು ನನಗೆ ಭಯ. ಒಬ್ಬರನ್ನೊಬ್ಬರು ನೋಡುತ್ತ ಕೂತೆವು. ಅರ್ಧ ಬಟ್ಟಲೂ ಹೋಗಲಿಲ್ಲ. ಬಸ್ಸು ತಪ್ಪಿತು. ದಾರಿಯುದ್ದಕ್ಕೂ ಎಲ್ಲರಿಗೂ ಶಾಪ ಹಾಕಿದೆ, ಬಸ್ಸಿಗೆ, ಗಂಜಿಗೆ, ನನಗೆ.

ಮಾರ್ಚ್ 26, ಬುಧವಾರ

ಮತ್ತೆ ಬಸ್ಸು ತಪ್ಪಿತು. ಬೀದಿಯಲ್ಲಿ ಲಾರಿ ಹೋದರೆ ಅತ್ತೆ ನುಂಗುವುದನ್ನೇ ನಿಲ್ಲಿಸುತ್ತಾರೆ, ಕಿಟಕಿ ಮುಚ್ಚಬೇಕು. ನುಂಗುವ ಮುಂಚೆ ಎಡಹುಬ್ಬು ಒಂದು ಚೂರು ಕೆಳಗೆ ಬರುತ್ತದೆ. ಇಷ್ಟು ದಿನ ಅದು ನನ್ನ ಮೇಲಿನ ಸಿಟ್ಟು ಅಂದುಕೊಂಡಿದ್ದೆ. ಸಿಟ್ಟೂ ಇರಬಹುದು.

ಮಾರ್ಚ್ 28, ಶುಕ್ರವಾರ

ಧ್ಯಾನದ ಗತಿ ಏನಾಯಿತು ಎಂದು ಮಾಲೀಕರು ಕೇಳಿದರು. ಬಿಟ್ಟೆ, ಅದು ನನ್ನ ಹಣೆಯಲ್ಲಿ ಬರೆದಿಲ್ಲ ಎಂದೆ. ಹೂಂ ಎಂದರು. ಈಚೆಗೆ ಒಂದು ಸೆಟ್ಟೂ ವಾಪಸ್ ಬಂದಿಲ್ಲವಲ್ಲ ಎಂದು ಆಮೇಲೆ ತಾವೇ ಅಂದರು. ಯಾವಾಗಲೂ ವಾಪಸ್ ಕಳಿಸುವ ಆ ದಂತವೈದ್ಯರು ಊರಲ್ಲಿಲ್ಲವೇನೋ. ವಿಚಾರಿಸಬೇಕು.

ಮಾರ್ಚ್ 31, ಸೋಮವಾರ

ಭುಜ ನೋಯುತ್ತಿದೆ. ಚಮಚ ಹಿಡಿದು ಅಷ್ಟು ಹೊತ್ತು ಕೈ ಎತ್ತಿ ಕೂರುವುದು ಆಟವಲ್ಲ. ಆದರೂ ಕೈ ಇಳಿಸಿದರೆ ಅತ್ತೆ ಊಟ ಮುಗಿಯಿತು ಅಂದುಕೊಂಡು ಬಾಯಿ ಮುಚ್ಚಿಬಿಡುತ್ತಾರೆ, ಆಮೇಲೆ ಮತ್ತೆ ಮೊದಲಿಂದ. ಅದಕ್ಕೇ ಎಡಗೈಯಿಂದ ಬಲ ಮೊಣಕೈಗೆ ಆಸರೆ ಕೊಟ್ಟು ಕೂರುತ್ತೇನೆ. ಅತ್ತೆ ಮೂಗಿನಿಂದ ಉಸಿರು ತೆಗೆದುಕೊಳ್ಳುತ್ತಾರೆ, ಹುಬ್ಬು ಇಳಿಯುತ್ತದೆ, ಗಂಟಲ ಗುಬ್ಬಿ ಏರುತ್ತದೆ, ಇಳಿಯುತ್ತದೆ. ಆಮೇಲೆ ಒಂದು ಸಣ್ಣ ಉಸಿರು ಹೊರಗೆ ಬರುತ್ತದೆ, ನನ್ನ ಕೈಗೆ ಬೆಚ್ಚಗೆ ತಾಗುತ್ತದೆ. ಅದು ತಾಗಿದರೆ ಗಂಟಲು ಖಾಲಿ ಎಂದು ಲೆಕ್ಕ. ತಾಗುವವರೆಗೆ ಕಾಯಬೇಕು. ಇವತ್ತು ಪಕ್ಕದ ಮನೆಯಾಕೆ ಬಂದು ಬಾಗಿಲಲ್ಲಿ ನಿಂತು ಎಷ್ಟೋ ಹೊತ್ತಾಗಿತ್ತಂತೆ. ಕರೆದರೂ ನಾನು ಓಗೊಡಲಿಲ್ಲವಂತೆ. ನನ್ನ ಕಿವಿಯೂ ಹೋಗುತ್ತಿದೆಯೋ ಏನೋ.

ಏಪ್ರಿಲ್ 2, ಬುಧವಾರ

ಇವತ್ತು ರಾದ್ಧಾಂತ. ಅತ್ತೆ ಬಾಯಿಗೆ ಬೀಗ ಹಾಕಿಕೊಂಡರು. ಭಯವಲ್ಲ, ಹಟ. ಗದ್ದ ಹಿಡಿದು ಕೇಳಿಕೊಂಡೆ, ಹತ್ತನೇ ತಾರೀಕು ಹತ್ತಿರ ಬಂತು ಎಂದು ನೆನಪಿಸಿದೆ, ನಳಿಗೆಯ ಮಾತೆತ್ತಿ ಹೆದರಿಸಿದೆ. ಏನೂ ನಡೆಯಲಿಲ್ಲ. ತಾಳ್ಮೆ ಕೈಕೊಟ್ಟು ಬಟ್ಟಲನ್ನು ಟೇಬಲ್ಲಿಗೆ ಕುಕ್ಕಿದೆ. ಗಂಜಿ ನನ್ನ ಅಂಗಿಗೆ ಹಾರಿತು.

ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ. ಅಂಗಿ ಒರೆಸಿಕೊಂಡು ವಾಪಸ್ ಬಂದಾಗ ಅತ್ತೆ ಎಡಗೈಯಲ್ಲಿ ಚಮಚ ಹಿಡಿದಿದ್ದರು. ಗಂಜಿ ತುಂಬಿಕೊಂಡು, ಅಲುಗಾಡುವ ಕೈಯಲ್ಲಿ, ನನ್ನ ಕಡೆಗೆ ಚಾಚಿದರು. ಶಾಲೆಯ ಮಕ್ಕಳನ್ನು ನೋಡುವ ಹಾಗೆ ನೋಡುತ್ತಿದ್ದರು. ಬಾಯಿ ತೆರೆದೆ.

ಥೂ. ಉಪ್ಪಿಲ್ಲ, ಹುಳಿಯಿಲ್ಲ. ಗಂಜಿ ನೀರಾಗದೆ ಗಟ್ಟಿಯಾಗಿರಲೆಂದು ಆಸ್ಪತ್ರೆಯವರು ಕೊಟ್ಟ ಪುಡಿ ನಾಲಿಗೆಗೆ ಮೆತ್ತಿಕೊಂಡಿತು. ನಮ್ಮ ಲ್ಯಾಬಿನ ಅಚ್ಚಿನ ಹಿಟ್ಟಿಗೆ ಇದಕ್ಕಿಂತ ರುಚಿಯಿದ್ದೀತು. ದಿನಾ ಇದನ್ನು ತಿನ್ನು ತಿನ್ನು ಎಂದು ಪ್ರಾಣ ತಿನ್ನುತ್ತಿದ್ದೆನಲ್ಲ ನಾನು, ಒಂದು ಸಲವಾದರೂ ನಾಲಿಗೆಗೆ ಹಚ್ಚಿ ನೋಡಿದ್ದೆನೇ? ತುಂಬ ನಾಚಿಕೆಯಾಯಿತು. ನುಂಗಲು ಹೊರಟರೆ ಹೋಗುತ್ತಲೂ ಇಲ್ಲ. ನನ್ನ ಅವಸ್ಥೆ ನೋಡಿ ಅತ್ತೆಯ ಅರ್ಧ ಬಾಯಿ ಮೇಲೆ ಹೋಯಿತು. ನಕ್ಕರು. ನನ್ನ ಎದುರು ಅವರು ನಕ್ಕದ್ದು ನೆನಪೇ ಇಲ್ಲ.

ಗಂಟಲು ಟೀಚರಿಗೆ ಫೋನ್ ಮಾಡಿದೆ. ಉಪ್ಪು, ಎರಡು ಹನಿ ನಿಂಬೆರಸ ಹಾಕಬಹುದು, ಗಟ್ಟಿತನ ಮಾತ್ರ ಬದಲಾಗಬಾರದು ಎಂದಳು. ಇದನ್ನು ಮೊದಲೇ ಹೇಳಲು ಏನಾಗಿತ್ತು ಎಂದು ರೇಗಿದೆ. ನೀವು ಕೇಳಲಿಲ್ಲವಲ್ಲ ಸರ್ ಎಂದಳು.

ಏಪ್ರಿಲ್ 3, ಗುರುವಾರ

ಉಪ್ಪು ಜಾಸ್ತಿಯಾಯಿತು. ಹುಬ್ಬು. ಆದರೂ ಬಟ್ಟಲು ಖಾಲಿ.

ಏಪ್ರಿಲ್ 7, ಸೋಮವಾರ

ಈಗ ಮೊದಲ ಚಮಚ ನನ್ನದು, ಎರಡನೆಯದು ಅವರದು. ಹಾಗೆಂದು ಅತ್ತೆಯ ಕಾನೂನು. ನಾನು ರುಚಿ ನೋಡದೆ ಕೊಟ್ಟರೆ ಬಾಯಿ ತೆರೆಯುವುದಿಲ್ಲ.

ಉಸಿರಿನ ಮೇಲೆ ಗಮನವಿಡುವ ಆಟವನ್ನು ಸುಮ್ಮನೆ ಇನ್ನೊಂದು ಸಲ ಆಡಿ ನೋಡಿದೆ, ಬಸ್ಸಿನಲ್ಲಿ ಕೂತು. ಎರಡು ಉಸಿರೂ ನೆಟ್ಟಗೆ ಹಿಡಿಯಲಾಗಲಿಲ್ಲ. ಹತ್ತನೇ ತಾರೀಕಿನ ಯೋಚನೆ. ಅತ್ತೆ ಇನ್ನೂ ಸಣ್ಣಗೇ ಕಾಣುತ್ತಾರೆ. ಹೆಂಡತಿ ರಾತ್ರಿ ಹಾಸಿಗೆಯಲ್ಲಿ, ತೂಕ ಸಾಲದಿದ್ದರೆ ಏನು ಮಾಡೋಣ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಕೈ ಕಟ್ಟಲು ಮಾತ್ರ ಬಿಡುವುದಿಲ್ಲ ಎಂದೆ. ಬಿಡದೆ ಏನು ಮಾಡುತ್ತೇನೋ ನನಗೂ ಗೊತ್ತಿಲ್ಲ.

ಏಪ್ರಿಲ್ 10, ಗುರುವಾರ

ಬೆಳಗ್ಗೆಯಿಂದಲೇ ತಲೆ ಕೆಟ್ಟಿತ್ತು. ಲಿಫ್ಟ್ ಕೆಟ್ಟಿತ್ತು, ಗಾಲಿಕುರ್ಚಿಯ ಒಂದು ಚಕ್ರ ಕಿರುಗುಡುತ್ತಿತ್ತು, ಕಾಯುವ ಕೋಣೆಯಲ್ಲಿ ಟಿವಿ ಕಿರುಚುತ್ತಿತ್ತು. ತೂಕ ನೋಡಿದರು. ಆಸ್ಪತ್ರೆಯಿಂದ ಹೋದಾಗ ಇದ್ದದ್ದಕ್ಕಿಂತ ಸ್ವಲ್ಪ ಏರಿದೆ. ಎದೆ ಸ್ವಚ್ಛವಾಗಿದೆ. ಆದರೂ ನುಂಗುವುದನ್ನು ಕಣ್ಣಾರೆ ನೋಡದೆ ಏನೂ ಹೇಳುವುದಿಲ್ಲ ಎಂದರು ಡಾಕ್ಟರು. ಗಂಟಲು ಟೀಚರ್ ಒಂದು ಬಟ್ಟಲು ಗಂಜಿ ತಂದಳು.

ಸಹಜವಾಗಿ ಹೆಂಡತಿ ಚಮಚ ತೆಗೆದುಕೊಂಡಳು. ಮಗಳು ತಾನೇ. ಮಧ್ಯಾಹ್ನ, ರಾತ್ರಿ ಅವಳ ಕೈಯಿಂದಲೇ ತಿನ್ನುವ ಅತ್ತೆ ಇವತ್ತು ಬಾಯಿ ತೆರೆಯಲಿಲ್ಲ. ಅಮ್ಮಾ, ಒಂದು ಚಮಚ ಅಮ್ಮಾ ಎಂದು ಅವಳು ಎಷ್ಟು ಬೇಡಿದರೂ ಇಲ್ಲ. ಡಾಕ್ಟರು ನಳಿಗೆಗೆ ಬರೆಯಲು ಪೆನ್ನು ಕೈಗೆತ್ತಿಕೊಂಡರು. ಆಗ ಅತ್ತೆಯ ಎಡಗೈ ಗಾಲಿಕುರ್ಚಿಯ ಆಚೆ ಬಂದು ನನ್ನ ಅಂಗಿಯ ತೋಳನ್ನು ಹಿಡಿದು ಜಗ್ಗಿತು.

ಹೆಂಡತಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಎದ್ದು ಕುರ್ಚಿ ಬಿಟ್ಟುಕೊಟ್ಟಳು.

ಮೊದಲ ಚಮಚ ನಾನು ತಿಂದೆ. ಡಾಕ್ಟರು ಏನಂದುಕೊಂಡರೋ. ಉಪ್ಪೇ ಇರಲಿಲ್ಲ. ಗೊತ್ತು ಅತ್ತೆ, ಇವತ್ತೊಂದು ದಿನ ಸಹಿಸಿಕೊಳ್ಳಿ ಎಂದೆ. ಗದ್ದ ತಗ್ಗಿಸಿದರು. ಒಂದು, ಆಮೇಲೆ ಇನ್ನೊಂದು. ಮೂರನೆಯದು ಬಾಯಲ್ಲಿದ್ದಾಗ ಡಾಕ್ಟರ ಫೋನು ಹೊಡೆದುಕೊಂಡಿತು. ಅವರು ಅಲ್ಲೇ ನಿಂತು ಮಾತಿಗೆ ಶುರು ಮಾಡಿದರು. ಅತ್ತೆ ನುಂಗುವುದನ್ನು ನಿಲ್ಲಿಸಿದರು, ಗಂಜಿ ಬಾಯಲ್ಲೇ ಇದೆ.

“ಡಾಕ್ಟ್ರೇ, ಸ್ವಲ್ಪ ಆಚೆ ಹೋಗಿ ಮಾತಾಡ್ತೀರಾ? ಅತ್ತೆ ಇನ್ನೂ ನುಂಗಿಲ್ಲ” ಎಂದೆ.

ಅವರು ಹೋದರು. ಹುಬ್ಬು ಇಳಿಯಿತು, ಗುಬ್ಬಿ ಏರಿ ಇಳಿಯಿತು, ಕೈಗೆ ಬೆಚ್ಚಗೆ ತಾಗಿತು. ಬಟ್ಟಲು ಖಾಲಿಯಾಗುವವರೆಗೆ ಒಂದು ಕೆಮ್ಮಿಲ್ಲ.

ಸದ್ಯಕ್ಕೆ ನಳಿಗೆ ಬೇಡವಂತೆ. ಹೀಗೇ ಮುಂದುವರಿಸಿ, ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಅತ್ತೆ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

ಮನೆಗೆ ಬಂದು ಅತ್ತೆಯನ್ನು ಮಲಗಿಸಿದ ಮೇಲೆ ಅಡುಗೆಮನೆಯಲ್ಲಿ ಹೆಂಡತಿ ಅತ್ತಳು. ಖುಷಿಗೋ, ತನ್ನ ಕೈಯಿಂದ ಅಮ್ಮ ತಿನ್ನಲಿಲ್ಲ ಎಂಬ ನೋವಿಗೋ ಕೇಳಲಿಲ್ಲ. ಎರಡೂ ಇರಬಹುದು. ಸಮಾಧಾನವಾಗಲಿ ಎಂದು, ಅವರಿಗೆ ನನ್ನ ಮೇಲೆ ಪ್ರೀತಿಯೇನಲ್ಲ ಕಣೇ, ರುಚಿ ನೋಡುವವನು ಬೇಕು ಅಷ್ಟೆ ಎಂದೆ. ಅವಳು ಕಣ್ಣೊರೆಸಿಕೊಂಡು ನನ್ನನ್ನು ವಿಚಿತ್ರವಾಗಿ ನೋಡಿದಳು.

“ರೀ, ಅಮ್ಮ ನುಂಗಿದಾಗೆಲ್ಲ ನೀವೂ ನುಂಗ್ತಾ ಇದ್ರಿ. ನಿಮ್ಮ ಗಂಟ್ಲೂ ಮೇಲೆ ಕೆಳಗೆ ಹೋಗ್ತಾ ಇತ್ತು. ಗೊತ್ತಾ ನಿಮಗೆ?”

ಏನೇನೋ ಹೇಳಬೇಡ ಎಂದೆ. ನನ್ನ ಬಾಯಲ್ಲಿ ಏನೂ ಇರಲಿಲ್ಲ, ನಾನೇಕೆ ನುಂಗಲಿ? ಅವಳು ಆಣೆ ಇಟ್ಟು ಹೇಳುತ್ತಾಳೆ. ನನಗಂತೂ ಏನೂ ಗೊತ್ತಾಗಿಲ್ಲ. ನಾಳೆ ಬೆಳಗ್ಗೆ ಎದುರಿಗೆ ಒಂದು ಕನ್ನಡಿ ಇಟ್ಟುಕೊಂಡು ನಿಜವೋ ಸುಳ್ಳೋ ಪರೀಕ್ಷೆ ಮಾಡೋಣ ಅಂದುಕೊಂಡೆ. ಆದರೆ ನಾನು ಕನ್ನಡಿ ನೋಡುತ್ತ ಕೂತರೆ ಅತ್ತೆಯನ್ನು ಯಾರು ನೋಡುತ್ತಾರೆ?